ಲೈಸೆನ್ಸ್‌ನಲ್ಲಿ ಒಂದು .32, ನಳಿಗೆಯ ಮೇಲೆ ಇನ್ನೊಂದು: ಲಿವರ್ ರೈಫಲ್‌ಗೆ ಕ್ಯಾಲಿಬರ್ ಆರಿಸಿದ ಒಂದು ಪ್ರಕರಣ

ಇದು ಬೆಂಗಳೂರಿನ ಒಂದು ಕುಟುಂಬದ ಪ್ರಕರಣ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಇಸವಿ ಯಾವುದೂ ಇಲ್ಲಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಮನೆಯವರನ್ನು ಮಗ, ತಾಯಿ, ಚಿಕ್ಕಪ್ಪ ಅಂತಲೇ ಕರೆಯುತ್ತೇನೆ. ನಾನು ಒಂದು ಶೂಟಿಂಗ್ ರೇಂಜ್‌ನಲ್ಲಿ ಹೊಸಬರಿಗೆ ಸುರಕ್ಷತೆಯ ಪಾಠ ಹೇಳುವವನು. ಮಗ ತರಬೇತಿಗೆ ಬಂದಾಗ ಪರಿಚಯವಾದರು. ಆಮೇಲೆ ಅಂಗಡಿ, ಕಚೇರಿ, ರೇಂಜ್ ಅಂತ ಸುಮಾರು ಕಡೆ ಜೊತೆಗೆ ಓಡಾಡಿದೆವು.

ಹಿನ್ನೆಲೆ

ಕುಟುಂಬದ ಮೂಲ ಮಲೆನಾಡು. ಕಾಫಿ ತೋಟ ಇದೆ, ಚಿಕ್ಕಪ್ಪ ನೋಡಿಕೊಳ್ಳುತ್ತಾರೆ. ತಂದೆ ಕೆಲಸದ ಮೇಲೆ ಬೆಂಗಳೂರಿಗೆ ಬಂದು ಇಲ್ಲೇ ಮನೆ ಕಟ್ಟಿದವರು. ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ.

ಮಲೆನಾಡಿನ ಹಳೇ ಮನೆಗಳಲ್ಲಿ ಕೋವಿ ಇರುವುದು ಹೊಸ ವಿಷಯವಲ್ಲ. ಕೇಪಿನ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆ, ಹೆಚ್ಚೆಂದರೆ ಒಂದು .315 ಬೋಲ್ಟ್ ರೈಫಲ್. ಈ ಮನೆಯಲ್ಲಿ ಇದ್ದದ್ದು ಮಾತ್ರ ಅಪರೂಪದ್ದು, ವಿಂಚೆಸ್ಟರ್ 1892. ಊರು ಬಿಟ್ಟು ಹೊರಟ ಬ್ರಿಟಿಷ್ ಪ್ಲಾಂಟರ್ ಒಬ್ಬರಿಂದ ತಾತ ಕೊಂಡಿದ್ದರಂತೆ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ರೈಫಲ್ ಇದು. ಟ್ರಿಗರ್ ಕೆಳಗಿನ ಬಳೆಯಂಥ ಲಿವರನ್ನು ಕೆಳಕ್ಕೆ ತಳ್ಳಿದರೆ ಖಾಲಿ ತೋಟಾ (ಕಾರ್ಟ್ರಿಜ್) ಹೊರಗೆ ಹಾರುತ್ತದೆ, ವಾಪಸ್ ಎಳೆದರೆ ಹೊಸ ತೋಟಾ ಒಳಗೆ ಹೋಗುತ್ತದೆ. ತೋಟಾಗಳು ಇರುವುದು ನಳಿಗೆಯ ಕೆಳಗಿನ ಕೊಳವೆಯಲ್ಲಿ, ಒಂದರ ಹಿಂದೆ ಒಂದು ಸಾಲಾಗಿ. ಈ ಸಾಲಿನ ವಿಷಯ ಮುಂದೆ ಬರುತ್ತದೆ.

ತಂದೆ ಅದನ್ನು ಎಣ್ಣೆ ಹಾಕಿ ಒರೆಸಿ ಇಡುತ್ತಿದ್ದರು. ಈಡು ಹೊಡೆದದ್ದನ್ನು ಮಗ ನೋಡಿಯೇ ಇಲ್ಲ. ತಂದೆ ತೀರಿಕೊಂಡ ಮೇಲೆ ರೈಫಲನ್ನು ಪರವಾನಗಿ ಇರುವ ಡೀಲರ್ ಹತ್ತಿರ ಠೇವಣಿ ಇಟ್ಟರು. ಇದು ಕಡ್ಡಾಯ. ಲೈಸೆನ್ಸ್‌ದಾರರು ಹೋದ ದಿನದಿಂದ ಆ ಆಯುಧ ಮನೆಯಲ್ಲಿ ಯಾರ ಹೆಸರಲ್ಲೂ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ತಿಥಿ, ವರ್ಷಾಂತಿಕ ಎಲ್ಲ ಮುಗಿದ ಮೇಲೆ ಬೀರು ತೆಗೆದು ನೋಡಿ ಗಾಬರಿಯಾಗುತ್ತಾರೆ. ಇಲ್ಲಿ ತಾಯಿಯೇ ಮೊದಲ ವಾರದಲ್ಲೇ ಎಚ್ಚರಿಸಿದ್ದರು.

ಮಗ ವಾರಸುದಾರರ ಲೈಸೆನ್ಸ್‌ಗೆ ಅರ್ಜಿ ಹಾಕಿದರು. ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರೇ ಲೈಸೆನ್ಸ್ ಕೊಡುವ ಅಧಿಕಾರಿ. ಉಳಿದ ವಾರಸುದಾರರ ಒಪ್ಪಿಗೆ ಪತ್ರ, ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿ, ಪೊಲೀಸ್ ಪರಿಶೀಲನೆ ಎಲ್ಲ ಆಯಿತು. ನಡುವೆ ಮಗನದೊಂದು ತಕರಾರು. ಆಫೀಸಿನ ಗೆಳೆಯ ಕೊಡವರು, ಅವರಿಗೆ ಇದ್ಯಾವ ತಾಪತ್ರಯವೂ ಇಲ್ಲವಲ್ಲ ಅಂತ. ಹೌದು, ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯ ಜಮೀನು ಇರುವವರಿಗೆ) ವಿನಾಯಿತಿ ಇದೆ, ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ. ಪಕ್ಕದ ಜಿಲ್ಲೆಯ ತೋಟದವರಿಗೆ ಅದು ಅನ್ವಯಿಸುವುದಿಲ್ಲ. ಅಷ್ಟೇ.

ಸಮಸ್ಯೆ ಏನು

ಮಗನಿಗೆ ರೈಫಲ್ ಸುಮ್ನೆ ಇಟ್ಟುಕೊಳ್ಳುವುದು ಬೇಡವಾಗಿತ್ತು. ರೇಂಜ್‌ನಲ್ಲಿ ಹೊಡೆಯಬೇಕಿತ್ತು. ತಂದೆಯ ರೈಫಲ್‌ನಲ್ಲಿ ಆಗದಿದ್ದರೆ ಇನ್ನೊಂದು ಲಿವರ್ ರೈಫಲ್ ಕೊಳ್ಳಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ. ವಂಶಪಾರಂಪರ್ಯವಾಗಿ ಬಂದದ್ದೂ ಆ ಲೆಕ್ಕದಲ್ಲೇ ಸೇರುತ್ತದೆ. ಹಾಗಾಗಿ ಉಳಿದದ್ದು ಒಂದೇ ಜಾಗ. ಅದಕ್ಕೆ ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ನಳಿಗೆ ಮತ್ತು ತೋಟಾ?

ಮೊದಲ ಭೇಟಿಗೆ ಅವರು ಲ್ಯಾಪ್‌ಟಾಪ್‌ನಲ್ಲಿ ಎಕ್ಸೆಲ್ ಶೀಟ್ ತಂದಿದ್ದರು. .30-30, .357 ಮ್ಯಾಗ್ನಮ್, .44 ಮ್ಯಾಗ್ನಮ್, .45-70, .22. ಒಂದೊಂದಕ್ಕೂ ಗುಂಡಿನ ತೂಕ, ವೇಗ, ಶಕ್ತಿ, ನೂರು ಗಜದಲ್ಲಿ ಎಷ್ಟು ಇಳಿಯುತ್ತದೆ ಎಲ್ಲ ಇತ್ತು. ಹಸಿರು, ಹಳದಿ, ಕೆಂಪು ಬಣ್ಣ ಬೇರೆ. ಚೆನ್ನಾಗಿ ಮಾಡಿದ ಕೆಲಸ. ತಪ್ಪೇನೂ ಇರಲಿಲ್ಲ. ಆದರೆ ಅದು ಅಮೆರಿಕದಲ್ಲಿ ಕೂತು ಜಿಂಕೆ ಬೇಟೆಗೆ ಹೊರಟವನ ಶೀಟ್. ತೋಟಾ ಎಲ್ಲಿ ಸಿಗುತ್ತದೆ, ಎಲ್ಲಿ ಹೊಡೆಯುತ್ತೇವೆ, ಆ ಬೋರ್ (ನಳಿಗೆಯ ಅಳತೆ) ನಮ್ಮ ಲೈಸೆನ್ಸ್‌ಗೆ ಬರುತ್ತದಾ ಅನ್ನುವ ಕಾಲಂಗಳೇ ಇರಲಿಲ್ಲ. ಇದನ್ನು ಹೇಳಿದಾಗ ಅವರಿಗೆ ಅಷ್ಟೇನೂ ರುಚಿಸಲಿಲ್ಲ. 'ಮೊದಲು ಯಾವುದು ಒಳ್ಳೇದು ಅಂತ ಗೊತ್ತಾಗಲಿ ಸರ್, ಸಿಗುತ್ತೋ ಇಲ್ವೋ ಆಮೇಲೆ ನೋಡೋಣ' ಅಂದರು. ಬಹುತೇಕ ಎಲ್ಲರೂ ಹೀಗೇ ಶುರು ಮಾಡುತ್ತಾರೆ.

ಮೊದಲ ತಿರುವು: ತಪ್ಪು ಡಬ್ಬ

ವಾರಸು ಲೈಸೆನ್ಸ್ ಬಂತು. ತಂದೆಯ ಹಳೇ ಪುಸ್ತಕದಲ್ಲಿ ಇದ್ದಂತೆಯೇ ಹೊಸದರಲ್ಲೂ '.32 ರೈಫಲ್' ಅಂತ ನಮೂದಾಗಿತ್ತು. ಮಗ ಡೀಲರ್ ಹತ್ತಿರದಿಂದ ರೈಫಲ್ ಬಿಡಿಸಿಕೊಂಡರು. ಇನ್ನೊಂದು ಅಂಗಡಿಯಲ್ಲಿ ಒಂದು ಡಬ್ಬ .32 ತೋಟಾ ಕೊಂಡರು. ಲೈಸೆನ್ಸ್‌ನಲ್ಲಿ ಎಂಟ್ರಿಯೂ ಆಯಿತು. ಮುಂದಿನ ಭಾನುವಾರ ಎರಡನ್ನೂ ರೇಂಜ್‌ಗೆ ತಂದರು.

ನಮ್ಮ ರೇಂಜ್‌ನಲ್ಲಿ ಒಂದು ಪದ್ಧತಿ ಇದೆ. ಹಳೇ ಆಯುಧ ಮೊದಲ ಸಲ ಬಂದರೆ ಗೆರೆಗೆ ಹೋಗುವ ಮುಂಚೆ ಮೇಜಿನ ಮೇಲೆ ಇಟ್ಟು ನೋಡುತ್ತೇವೆ. ಲಿವರ್ ತೆರೆದು ಖಾಲಿ ಇದೆ ಅಂತ ಖಚಿತ ಮಾಡಿಕೊಂಡೆವು. ನಳಿಗೆಯ ಬುಡದಲ್ಲಿ ಏನೋ ಕೆತ್ತಿದ್ದು ಸವೆದು ಹೋಗಿತ್ತು. ಬಳಪದ ಚೂರು ತಿಕ್ಕಿ ಬೆರಳಲ್ಲಿ ಒರೆಸಿದಾಗ ಬಿಳಿ ಅಕ್ಷರ ಎದ್ದುಬಂತು: 32 ಡಬ್ಲ್ಯೂ.ಸಿ.ಎಫ್. (ವಿಂಚೆಸ್ಟರ್ ಸೆಂಟರ್ ಫೈರ್). ಡಬ್ಬ ತೆರೆದರೆ ಒಳಗಿದ್ದದ್ದು .32 ರಿವಾಲ್ವರ್ ತೋಟಾ. ಕಾನ್ಪುರದ ರಿವಾಲ್ವರ್‌ಗೆ ಹಾಕುತ್ತಾರಲ್ಲ, ಅದೇ.

ಎರಡರ ಗುಂಡಿನ ದಪ್ಪ ಹೆಚ್ಚುಕಡಿಮೆ ಒಂದೇ, .312 ಇಂಚಿನ ಆಸುಪಾಸು. ಹಾಗಾಗಿ ಎರಡಕ್ಕೂ .32 ಅನ್ನುತ್ತಾರೆ. ಸಾಮ್ಯ ಅಲ್ಲಿಗೇ ಮುಗಿಯಿತು. ರಿವಾಲ್ವರ್ ತೋಟಾದ ಹಿತ್ತಾಳೆ ಕವಚ ಸುಮಾರು 23 ಮಿ.ಮೀ. ಉದ್ದ, ನೇರ ಕೊಳವೆ. ಡಬ್ಲ್ಯೂ.ಸಿ.ಎಫ್., ಅಂದರೆ .32-20, ಸುಮಾರು 33 ಮಿ.ಮೀ. ಉದ್ದ, ಮೇಲೆ ಕತ್ತು ಸ್ವಲ್ಪ ಕಿರಿದಾಗುತ್ತದೆ. ಬುಡವೂ ದಪ್ಪ. ರಿವಾಲ್ವರ್ ತೋಟಾವನ್ನು ಈ ಚೇಂಬರ್‌ಗೆ, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡಿಗೆ, ಹಾಕಿದರೆ ಬುಡದಲ್ಲಿ ಸುಮಾರು 0.4 ಮಿ.ಮೀ. ಸಡಿಲ. ಕೇಳುವುದಕ್ಕೆ ಕೂದಲೆಳೆಯಷ್ಟು. ಹೊಡೆದಾಗ ಹಿತ್ತಾಳೆ ಆ ಖಾಲಿ ಜಾಗಕ್ಕೆ ಹಿಗ್ಗುತ್ತದೆ. ಆಸರೆ ಸಿಗದ ಕಡೆ ಸೀಳಿದರೆ ಬಿಸಿ ಗ್ಯಾಸ್ ಹಿಂದಕ್ಕೆ, ಅಂದರೆ ಹೊಡೆಯುವವನ ಮುಖದ ಕಡೆಗೆ ಬರಬಹುದು. ಅಷ್ಟು ಗಿಡ್ಡ ತೋಟಾ ಕೊಳವೆಯಿಂದ ಸರಿಯಾಗಿ ಮೇಲೂ ಬರುವುದಿಲ್ಲ, ಲಿವರ್ ನಡುವೆ ಸಿಕ್ಕಿಕೊಳ್ಳುತ್ತದೆ. ನಾವು ಪ್ರಯೋಗ ಮಾಡಿ ನೋಡಲಿಲ್ಲ. ಡಬ್ಬ ಮುಚ್ಚಿದೆವು.

ಅಂಗಡಿಯವರನ್ನು ಕೇಳಿದಾಗ ಬಂದ ಉತ್ತರ: 'ಪುಸ್ತಕದಲ್ಲಿ .32 ಅಂತಿದೆ, .32 ಕೊಟ್ಟಿದ್ದೀನಿ ಸಾರ್.' ಅದು ಸುಳ್ಳೂ ಅಲ್ಲ. ಆದರೆ ಅದೇ ಸಾಲಿನಲ್ಲಿ 'ರೈಫಲ್' ಅಂತಲೂ ಇತ್ತು. ಯಾವ ರೈಫಲ್ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ತೋಟಾ ಮಾರುವವರು ಅಷ್ಟನ್ನಾದರೂ ಕೇಳಬೇಕು ಅಂತ ನನ್ನ ಅಭಿಪ್ರಾಯ. ಡಬ್ಬ ವಾಪಸ್ ತೆಗೆದುಕೊಂಡು ರಿಜಿಸ್ಟರ್ ಸರಿ ಮಾಡಿಕೊಟ್ಟರು.

ಇಲ್ಲಿ ಮಗ ಒಂದು ನಿರ್ಧಾರ ತೆಗೆದುಕೊಳ್ಳಬೇಕಿತ್ತು. ರೈಫಲ್ ಹೊಡೆಯದಿದ್ದರೆ ಆಯಿತು, ನಮೂದು ಹೇಗಿದ್ದರೇನು ಅಂತ ಬಿಟ್ಟುಬಿಡಬಹುದಿತ್ತು. 'ಅಪ್ಪ ಇಷ್ಟು ವರ್ಷ ಹೀಗೇ ಇಟ್ಟುಕೊಂಡಿದ್ದರಲ್ಲ' ಅಂತ ಒಮ್ಮೆ ಅಂದರು ಕೂಡ. ತಡೆದವರು ತಾಯಿ. ಅವರ ಮಾತು ಸರಳ: 'ಅಪ್ಪ ತೋಟಾ ತರೋಕೆ ಹೋಗ್ಲಿಲ್ಲ, ಅದಕ್ಕೇ ಏನೂ ಆಗ್ಲಿಲ್ಲ. ನೀನು ಹೋದೆ. ನಾಳೆ ನಿನ್ನ ಮಗ ಹೋಗ್ತಾನೆ.' ಅದಾದ ಮೇಲೆ ಚರ್ಚೆ ಇರಲಿಲ್ಲ.

ಪರವಾನಗಿ ಇರುವ ಗನ್‌ಸ್ಮಿತ್ ಹತ್ತಿರ ಚೇಂಬರ್ ಅಚ್ಚು ತೆಗೆಸಿದರು. ಬೇಗ ಕರಗುವ ಒಂದು ಮಿಶ್ರಲೋಹವನ್ನು ಚೇಂಬರ್‌ಗೆ ಹೊಯ್ದು, ಗಟ್ಟಿಯಾದ ಮೇಲೆ ಹೊರಗೆ ತಳ್ಳಿ ಅಳೆಯುವ ವಿಧಾನ ಇದು. ಹಳೇ ರೈಫಲ್‌ಗಳಲ್ಲಿ ನಳಿಗೆಯ ಮೇಲಿನ ಬರಹವನ್ನು ಪೂರ್ತಿ ನಂಬುವ ಹಾಗಿಲ್ಲ, ಯಾರೋ ಯಾವಾಗಲೋ ಒಳಗೆ ಕೊರೆದು ಬದಲಿಸಿರಬಹುದು. ಇಲ್ಲಿ ಅಚ್ಚು, ಬರಹ ಎರಡೂ ತಾಳೆಯಾದವು. ಆ ಪತ್ರ, ಬರಹದ ಫೋಟೋ, ಸೀರಿಯಲ್ ನಂಬರ್ ಸೇರಿಸಿ ತಿದ್ದುಪಡಿಗೆ ಅರ್ಜಿ ಕೊಟ್ಟರು. ತಿಂಗಳುಗಟ್ಟಲೆ ಹಿಡಿಯಿತು. ಕಚೇರಿಯಲ್ಲಿ ಒಬ್ಬರು '.315 ಅಂತ ಹಾಕಿಬಿಡೋಣವಾ, ಹತ್ತಿರಾನೇ ಇದೆ' ಅಂದರಂತೆ. ರೈಫಲ್ ಅಂದರೆ .315 ಎಂದೇ ರೂಢಿಯಾದ ಕಡೆ ಅದು ಸಹಜವಾಗಿ ಬಂದ ಮಾತು. ಮಗ ಒಪ್ಪಲಿಲ್ಲ, ಒಪ್ಪಿದ್ದರೆ ತಪ್ಪು ಇನ್ನೊಂದು ತಲೆಮಾರಿಗೆ ಹೋಗುತ್ತಿತ್ತು. ಕೊನೆಗೆ '.32-20 ವಿಂಚೆಸ್ಟರ್' ಅಂತ ಸರಿಯಾಯಿತು.

.32-20 ಹುಡುಕಾಟ, ಮತ್ತೆ ನಳಿಗೆ ಬದಲಿಸುವ ಯೋಚನೆ

ಕಾಗದ ಸರಿಯಾಯಿತು. ತೋಟಾ ಎಲ್ಲಿ? .32-20 ಬಂದದ್ದು 1882ರಲ್ಲಿ. ಹೆಸರಿನ ಎರಡನೇ ಭಾಗ ಆಗಿನ ಕರಿಮದ್ದಿನ ತೂಕ, 20 ಗ್ರೇನ್ (ಸುಮಾರು 1.3 ಗ್ರಾಂ). ಆ ಕಾಲದಲ್ಲಿ ಇದರ ಆಕರ್ಷಣೆಯೇ ಬೇರೆ. ರೈಫಲ್‌ಗೂ ಸೊಂಟದ ರಿವಾಲ್ವರ್‌ಗೂ ಒಂದೇ ತೋಟಾ. ಈಗ ಅಮೆರಿಕದಲ್ಲೂ ಅಪರೂಪಕ್ಕೆ ತಯಾರಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಕೇಳಿದರೆ ಹಾಗಂದರೆ ಏನು ಅಂತ ತಿರುಗಿ ಕೇಳಿದರು.

ಚಿಕ್ಕಪ್ಪನ ತೋಟದ ಮನೆಯ ಬೀರುವಿನಲ್ಲಿ ಒಂದು ಹಳೇ ರಟ್ಟಿನ ಡಬ್ಬ ಸಿಕ್ಕಿತು. ಕೆಲವು ತೋಟಾಗಳ ಕತ್ತಿನಲ್ಲಿ ಹಸಿರು ಕಿಲುಬು, ಒಂದರಲ್ಲಿ ಗುಂಡು ಕೈಯಲ್ಲೇ ಅಲ್ಲಾಡುತ್ತಿತ್ತು. ಮಗನ ಕಣ್ಣು ಅರಳಿತ್ತು. ಇಲ್ಲಿ ಎರಡು ತೊಂದರೆ. ಅಷ್ಟು ಹಳೇ ಮದ್ದು ಹೇಗೆ ವರ್ತಿಸುತ್ತದೆ ಅಂತ ಹೇಳಲು ಆಗುವುದಿಲ್ಲ. ಗುಂಡು ನಳಿಗೆ ಮಧ್ಯದಲ್ಲೇ ನಿಂತು, ಅದು ಗೊತ್ತಾಗದೆ ಎರಡನೆಯದು ಹೊಡೆದರೆ ನಳಿಗೆಯೇ ಸೀಳಬಹುದು. ಎರಡನೆಯ ತೊಂದರೆ ಕಾನೂನಿನದು. ಯಾರ ಲೈಸೆನ್ಸ್‌ನಲ್ಲೂ ಲೆಕ್ಕವಿಲ್ಲದ ತೋಟಾ ಮನೆಯಲ್ಲಿ ಇರುವುದೇ ಅಪರಾಧ, ಖಾಲಿ ಕೋವಿಗಿಂತ ಇದು ಜಾಸ್ತಿ ತಲೆನೋವು. ಚಿಕ್ಕಪ್ಪ ತಮ್ಮ ಠಾಣೆಗೆ ತಿಳಿಸಿ ಒಪ್ಪಿಸಿದರು. ಸ್ವಲ್ಪ ಬೈದುಕೊಂಡೇ ಒಪ್ಪಿಸಿದರು ಅನ್ನಿ.

ಮುಂದಿನ ಯೋಚನೆ .357 ಮ್ಯಾಗ್ನಮ್. 1892ರ ವಿನ್ಯಾಸದ ಹೊಸ ನಕಲುಗಳು ಬ್ರೆಜಿಲ್‌ನಲ್ಲಿ, ಇಟಲಿಯಲ್ಲಿ ಇದೇ ಕ್ಯಾಲಿಬರ್‌ನಲ್ಲಿ ತಯಾರಾಗುತ್ತವೆ. ಹಾಗಾದರೆ ತಂದೆಯ ರೈಫಲ್‌ಗೇ ನಳಿಗೆ ಬದಲಿಸಬಾರದೇಕೆ? ಕೇಳಲು ಜಾಣತನದ ಪ್ರಶ್ನೆ. ಆದರೆ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಆಯುಧ ಪರಿವರ್ತಿಸುವುದಕ್ಕೇ ಬೇರೆ ಪರವಾನಗಿ ಬೇಕು, ಲೈಸೆನ್ಸ್ ಇದೆ ಅಂತ ಮಾಲೀಕರು ಯಾರದೋ ಲೇಥ್‌ನಲ್ಲಿ ಮಾಡಿಸುವಂತಿಲ್ಲ. ಇನ್ನು ಉಕ್ಕಿನ ಮಾತು. ಹೊಸ ನಕಲುಗಳ ಉಕ್ಕು ಬೇರೆ, ಈ ಹಳೇ ಉಕ್ಕು ಬೇರೆ. 1935ರಲ್ಲಿ ಬಂದ .357 ಮ್ಯಾಗ್ನಮ್‌ನ ಒತ್ತಡ ಆ ಹಳೇ .32-20ರ ಎರಡು ಪಟ್ಟಿಗೂ ಜಾಸ್ತಿ. ಎಲ್ಲ ಬಿಡಿ, ಮಾಡಿಸಿದರೆ ತಾತನ ರೈಫಲ್‌ನಲ್ಲಿ ಉಳಿಯುವುದು ಮರದ ಹಿಡಿ ಮಾತ್ರ. ಈ ಕೊನೆಯ ಮಾತೇ ಮಗನಿಗೆ ತಾಕಿತು. ಅಲ್ಲಿಂದ ಮುಂದೆ ತಂದೆಯ ರೈಫಲ್ ಇಡುವುದಕ್ಕೆ, ಹೊಡೆಯುವುದಕ್ಕೆ ಇನ್ನೊಂದು ಅಂತ ಎರಡು ದಾರಿ ಬೇರೆಯಾಯಿತು. ನನ್ನ ಲೆಕ್ಕದಲ್ಲಿ ಈ ಪ್ರಕರಣದ ನಿಜವಾದ ನಿರ್ಧಾರ ಆದದ್ದು ಇಲ್ಲೇ. ಉಳಿದದ್ದೆಲ್ಲ ಅದರ ಹಿಂದೆ ಬಂತು.

.30-30 ಯಾಕೆ ಬೇಡವಾಯಿತು

ಲಿವರ್ ರೈಫಲ್ ಅಂದ ಕೂಡಲೇ ಲೋಕವೆಲ್ಲ ಹೇಳುವ ಹೆಸರು .30-30. ಅದಕ್ಕೆ ಕಾರಣವೂ ಇದೆ. ವಿಂಚೆಸ್ಟರ್ 1894ಕ್ಕೆ ಅಂತ 1895ರಲ್ಲಿ ಬಂತು, ಹೊಗೆಯಿಲ್ಲದ ಮದ್ದಿನ ಮೊದಮೊದಲ ಬೇಟೆ ತೋಟಾಗಳಲ್ಲಿ ಒಂದು. 170 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಹೋಗುತ್ತದೆ. ಕಾಡಿನಲ್ಲಿ ನೂರೈವತ್ತು ಗಜದೊಳಗೆ ಜಿಂಕೆ ಹೊಡೆಯುವವರಿಗೆ ಇದಕ್ಕಿಂತ ಬೇಕಿಲ್ಲ. ಉತ್ತರ ಭಾರತದ ಒಬ್ಬ ಡೀಲರ್ ಹತ್ತಿರ ಹಳೇ ಮಾರ್ಲಿನ್ 336 ಮಾರಾಟಕ್ಕಿದೆ ಅಂತ ವಾಟ್ಸಾಪ್‌ನಲ್ಲಿ ಫೋಟೋ ಬಂದಿತ್ತು. ಹೊಸದು ತರಿಸುವ ಮಾತೇ ಇಲ್ಲ. ಸಾಮಾನ್ಯ ನಾಗರಿಕರು ವಿದೇಶಿ ಆಯುಧ ಆಮದು ಮಾಡುವುದು 1980ರ ದಶಕದಿಂದಲೇ ನಿಂತಿದೆ, ಹೆಸರಾಂತ ಶೂಟರ್‌ಗಳಿಗೆ ಮಾತ್ರ ವಿನಾಯಿತಿ. ಆದ್ದರಿಂದ ಇಲ್ಲಿ ವಿದೇಶಿ ಲಿವರ್ ರೈಫಲ್ ಅಂದರೆ ಹಳೇ ಕೈ ಮಾಲೇ. ಬೆಲೆಯೂ ಹಾಗೇ ಇರುತ್ತದೆ.

ಮಗನಿಗೆ ಮೊದಲು ಬಂದ ಸಂದೇಹ ಬೋರ್‌ದು. .30 ಅಂದರೆ 7.62 ಮಿ.ಮೀ., ಅದು ನಿಷೇಧಿತ ಅಲ್ವಾ? ಒಳ್ಳೆಯ ಸಂದೇಹ. ನಿಯಮ ನೋಡುವುದು ಗುಂಡಿನ ದಪ್ಪವನ್ನಷ್ಟೇ ಅಲ್ಲ. ಸೇನೆಯ .303 ಅಥವಾ 7.62 ತೋಟಾ ಆ ಚೇಂಬರ್‌ನಲ್ಲಿ ಕೂತು ಹಾರುತ್ತದೆಯೇ ಅನ್ನುವುದನ್ನೂ ನೋಡುತ್ತದೆ. ಗುಂಡಿನ ದಪ್ಪ ಒಂದೇ ಇದ್ದರೂ .30-06 ರೈಫಲ್ ಇಲ್ಲಿ ಸಾಮಾನ್ಯ ಲೈಸೆನ್ಸ್‌ಗೇ ಸಿಗುವುದು ಇದಕ್ಕೇ. ಅದೇ ಡೀಲರ್ .303ನಲ್ಲಿ ಒಂದು ವಿಂಚೆಸ್ಟರ್ 1895 ಕೂಡ ಇದೆ ಅಂದಿದ್ದರು. ಅದನ್ನು ನಾವು ಒಂದು ನಿಮಿಷವೂ ಚರ್ಚಿಸಲಿಲ್ಲ. ನಿಷೇಧಿತ ಬೋರ್ ಲೈಸೆನ್ಸ್ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ, ಹವ್ಯಾಸಕ್ಕೆ ಅಂತ ಕೇಳುವ ವಿಷಯವೇ ಅಲ್ಲ.

.30-30 ಕಾನೂನಿನಲ್ಲಿ ಪಾಸಾದರೂ ಉಳಿದ ಎರಡು ಕಾಲಂನಲ್ಲಿ ಸೋತಿತು. ಇಲ್ಲಿನ ಕಾರ್ಖಾನೆ ತೋಟಾ ಇಲ್ಲ, ಆಮದಾದದ್ದು ಸಿಕ್ಕರೆ ಸಿಕ್ಕಿತು. ಸಿಕ್ಕರೂ ಎಂಥದ್ದು ಸಿಗುತ್ತದೆ ಅನ್ನುವುದು ಮುಖ್ಯ. ಕೊಳವೆಯಲ್ಲಿ ತೋಟಾಗಳು ಸಾಲಾಗಿ ಇರುತ್ತವೆ ಅಂದೆನಲ್ಲ. ಒಂದರ ಗುಂಡಿನ ತುದಿ ಮುಂದಿನದರ ಬೆನ್ನಿಗೆ, ನೇರವಾಗಿ ಕೇಪಿಗೆ (ಪಿನ್ ಬಡಿದಾಗ ಕಿಡಿ ಕೊಡುವ ಬಿಲ್ಲೆಗೆ) ಒತ್ತಿಕೊಂಡಿರುತ್ತದೆ. ಚೂಪು ತುದಿಯ ಗುಂಡಾದರೆ, ಹೊಡೆದ ಧಕ್ಕೆಗೆ ಆ ಚೂಪೇ ಮೊಳೆಯಾಗಿ ಮುಂದಿನ ತೋಟಾ ಕೊಳವೆಯೊಳಗೇ ಸಿಡಿಯಬಹುದು. ಎಡಗೈ ಇರುವುದು ಅಲ್ಲೇ. ಅದಕ್ಕೇ .30-30ಗೆ ಚಪ್ಪಟೆ ಮೂತಿಯ ಗುಂಡು ಅಥವಾ ಮೆತ್ತನೆ ಪ್ಲಾಸ್ಟಿಕ್ ತುದಿಯದ್ದೇ ಆಗಬೇಕು. ಸಿಕ್ಕಿದ್ದನ್ನು ಹಾಕಿಕೊಳ್ಳುವ ಪರಿಸ್ಥಿತಿಯಲ್ಲಿ ಇಂಥ ರೈಫಲ್ ಇಟ್ಟುಕೊಳ್ಳುವುದು ನನಗೆ ಸರಿ ಕಾಣಲಿಲ್ಲ.

ಹೊಡೆಯುವುದಾದರೂ ಎಲ್ಲಿ? ನಾವು ಹೋಗುವ ರೇಂಜ್‌ನಲ್ಲಿ .30-30ರಷ್ಟು ಜೋರಿನ ತೋಟಾಗೆ ಅವಕಾಶವಿಲ್ಲ. 'ತೋಟದಲ್ಲಿ ಕಾಡುಹಂದಿ ಕಾಟ ಇದೆಯಲ್ಲ' ಅಂತ ಮಗ ಒಂದು ದಿನ ತೆಗೆದರು. ನಾನು ಉತ್ತರ ಕೊಡುವ ಮುಂಚೆ ಚಿಕ್ಕಪ್ಪನೇ ಫೋನಿನಲ್ಲಿ ಹೇಳಿದರು: 'ನಾನು ಇಲ್ಲೇ ಇರೋನು, ನಾನೇ ಹೊಡೆಯಲ್ಲ ಮಾರಾಯ. ಅರಣ್ಯದವರು ಬಂದ್ರೆ ನಿನ್ನ ಹುಡುಕ್ಕೊಂಡು ಬೆಂಗಳೂರಿಗೆ ಬರ್ತಾರಾ, ನನ್ನೇ ಹಿಡೀತಾರೆ.' 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ ಅನುಮತಿ ಇಲ್ಲದೆ ಹಂದಿಗೂ ಈಡು ಹೊಡೆಯುವಂತಿಲ್ಲ. ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ಎಕ್ಸೆಲ್ ಶೀಟ್‌ನ ಶಕ್ತಿ ಕಾಲಂ ಅಂದೇ ಅರ್ಥ ಕಳೆದುಕೊಂಡಿತು. ರೇಂಜ್‌ನ ಕಾಗದಕ್ಕೆ ತೂತು ಮಾಡಲು ಎಷ್ಟು ಶಕ್ತಿ ಬೇಕು?

ಉಳಿದದ್ದು .22, ಅದರಲ್ಲೂ ಎರಡು

ಹೀಗೆ .22ಕ್ಕೆ ಬಂದೆವು. ಮಗ ಸ್ವಲ್ಪ ಪೆಚ್ಚಾದರು. ಸಿನಿಮಾದಲ್ಲಿ ಕುದುರೆ ಮೇಲೆ ಕೂತವರು .22 ಹಿಡಿದಿರುವುದಿಲ್ಲ, ನಿಜ. ಅದೇ ಹೊತ್ತಿಗೆ ನಗರದಲ್ಲೇ ಎರಡು ಲಿವರ್ ರೈಫಲ್ ಮಾರಾಟಕ್ಕೆ ಇವೆ ಅಂತ ಗೊತ್ತಾಯಿತು. ಎರಡೂ ವಿಂಚೆಸ್ಟರ್ 9422, 1972ರಲ್ಲಿ ಶುರುವಾದ ಮಾದರಿ, ನೋಡಲು ತಂದೆಯ ರೈಫಲ್‌ನ ತಮ್ಮನ ಹಾಗೇ. ಒಂದು .22 ಲಾಂಗ್ ರೈಫಲ್, ಇನ್ನೊಂದು .22 ಮ್ಯಾಗ್ನಮ್.

ಮಗನ ಮನಸ್ಸು ಕೂಡಲೇ ಮ್ಯಾಗ್ನಮ್ ಕಡೆ ವಾಲಿತು. ರೈಫಲ್ ಹೆಚ್ಚು ಹೊಸದಾಗಿತ್ತು, ಮರದ ಹೊಳಪು ಹೋಗಿರಲಿಲ್ಲ, ತೋಟಾದ ಜೋರೂ ಹೆಚ್ಚು. ನಾನು ಎರಡು ಖಾಲಿ ಕವಚ ಮೇಜಿನ ಮೇಲೆ ನಿಲ್ಲಿಸಿದೆ. ಮ್ಯಾಗ್ನಮ್ ಎತ್ತರ, ಜೊತೆಗೆ ಸ್ವಲ್ಪ ದಪ್ಪ. ಲಾಂಗ್ ರೈಫಲ್ ತೋಟಾವನ್ನು ಮ್ಯಾಗ್ನಮ್ ಚೇಂಬರ್‌ಗೆ ಹಾಕಿದರೆ ಜಾರಿ ಒಳಗೆ ಹೋಗುತ್ತದೆ, ಹೊಡೆದರೆ ಸೀಳುತ್ತದೆ. ಮತ್ತೆ ಅದೇ ಕಥೆ, ಬೇರೆ ಅಳತೆಯಲ್ಲಿ. ಲೈಸೆನ್ಸ್‌ನಲ್ಲಿ '.22 ರೈಫಲ್' ಅಂತ ಮಾತ್ರ ಬರೆದು, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಲಾಂಗ್ ರೈಫಲ್ ಡಬ್ಬ ಕೊಟ್ಟರೆ? ಮಗ ಎರಡು ಕವಚವನ್ನೂ ಬೆರಳಲ್ಲಿ ಹೊರಳಿಸಿ ನೋಡಿದರು. ಇನ್ನು ನಾನು ಜಾಸ್ತಿ ಹೇಳುವ ಅಗತ್ಯ ಬರಲಿಲ್ಲ.

ಲಾಂಗ್ ರೈಫಲ್ ಪರವಾಗಿ ಇದ್ದದ್ದು ಯಾವ ರೋಚಕ ಕಾರಣವೂ ಅಲ್ಲ. ರೈಫಲ್ ಕ್ಲಬ್‌ಗಳು ಬಳಸುವುದು ಅದನ್ನೇ, ಹಾಗಾಗಿ ಪೂರೈಕೆ ಇದೆ. 50 ಮೀಟರ್ ಗೆರೆಯಲ್ಲಿ ಹೊಡೆಯಬಹುದು. 40 ಗ್ರೇನ್ ಗುಂಡು, ಧಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇದರಲ್ಲಿ ಕೇಪಿನ ಮದ್ದು ಬುಡದ ಅಂಚಿನೊಳಗೇ ಸುತ್ತ ಇರುತ್ತದೆ, ನಡುವೆ ಕೇಪೇ ಇಲ್ಲ. ಹಾಗಾಗಿ ಮುಂದಿನ ತೋಟಾದ ಬೆನ್ನಿಗೆ ಗುಂಡಿನ ಮೂತಿ ಒತ್ತಿಕೊಂಡರೆ .30-30ರಲ್ಲಿ ಇದ್ದ ಆ ಭಯ ಇಲ್ಲಿಲ್ಲ. ಸಣ್ಣದು ಅಂತ ಉದಾಸೀನ ಮಾಡುವ ಹಾಗೂ ಇಲ್ಲ. ಗುಂಡು ಒಂದೂವರೆ ಮೈಲಿ, ಅಂದರೆ ಸುಮಾರು 2.4 ಕಿ.ಮೀ. ದೂರದವರೆಗೂ ಅಪಾಯ ಅಂತ ಡಬ್ಬದ ಮೇಲೇ ಎಚ್ಚರಿಕೆ ಇರುತ್ತದೆ. ಬೆಂಗಳೂರಿನಲ್ಲಿ ಅಷ್ಟು ದೂರದಲ್ಲಿ ಎಷ್ಟು ಜನ ಬರುತ್ತಾರೆ ಲೆಕ್ಕ ಹಾಕಿ.

ಮಾರುತ್ತಿದ್ದವರು ನಿವೃತ್ತರು, ಮಕ್ಕಳು ವಿದೇಶದಲ್ಲಿ. ವ್ಯಕ್ತಿಯಿಂದ ವ್ಯಕ್ತಿಗೆ ಮಾರುವ ಮುಂಚೆ ಮಾರುವವರು ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಕಾದರು. ಈ ಸಲ ಮಗ ಮೊದಲೇ ನಳಿಗೆಯ ಬರಹದ ಫೋಟೋ ಅರ್ಜಿಗೆ ಲಗತ್ತಿಸಿದ್ದರು. ಲೈಸೆನ್ಸ್‌ನಲ್ಲಿ '.22 ಲಾಂಗ್ ರೈಫಲ್, ಲಿವರ್ ಆಕ್ಷನ್' ಅಂತ ಪೂರ್ತಿಯಾಗಿ ಬಂತು.

ಆಮೇಲೆ ಏನಾಯಿತು

ಮೊದಲ ದಿನ ರೇಂಜ್‌ನಲ್ಲಿ ಗುರಿ ಏನೂ ಹೇಳಿಕೊಳ್ಳುವಂತೆ ಇರಲಿಲ್ಲ. ಲಿವರ್ ಎಳೆಯುವಾಗ ರೈಫಲ್ ಭುಜದಿಂದ ಇಳಿಯುತ್ತಿತ್ತು, ಮತ್ತೆ ಕೂರಿಸುವಷ್ಟರಲ್ಲಿ ಕೆನ್ನೆಯ ಜಾಗ ಬದಲಾಗುತ್ತಿತ್ತು. ಇದು ಲಿವರ್ ರೈಫಲ್‌ನ ಸ್ವಭಾವ. ಬೋಲ್ಟ್ ರೈಫಲ್‌ನಲ್ಲಿ ಕಲಿತವರಿಗೂ ಒಂದಷ್ಟು ದಿನ ಕೈ ಹೊಂದುವುದಿಲ್ಲ. ಕೊಳವೆ ತುಂಬಿಸಿ ಹೊಡೆಯುವುದನ್ನು ಬಿಡಿಸಿ, ಒಂದೊಂದೇ ತೋಟಾ ಹಾಕಿ ಹೊಡೆಸಿದೆ. ನಿಧಾನಕ್ಕೆ ಈಡುಗಳು ಒಂದೇ ಕಡೆ ಬೀಳತೊಡಗಿದವು. .22 ಅಗ್ಗವಾದ್ದರಿಂದ ಈ ಅಭ್ಯಾಸ ಸಾಧ್ಯವಾಯಿತು. .30-30 ಆಗಿದ್ದರೆ ಒಂದೊಂದು ಈಡಿಗೂ ಬೆಲೆ ನೆನಪಾಗಿ ಅರ್ಧ ಡಬ್ಬಕ್ಕೇ ನಿಲ್ಲಿಸುತ್ತಿದ್ದರು.

ಒಂದು ಅಭ್ಯಾಸ ಮಾತ್ರ ಬಿಡಿಸಬೇಕಾಯಿತು. ಮನೆಯಲ್ಲಿ ಖಾಲಿ ರೈಫಲ್‌ನ ಲಿವರ್ ಎಳೆದು ಟ್ರಿಗರ್ ಒತ್ತುವ ಖುಷಿ. ರಿಮ್‌ಫೈರ್‌ನಲ್ಲಿ, ಅಂದರೆ .22ರ ಹಾಗೆ ಅಂಚಿನಲ್ಲಿ ಮದ್ದು ಇರುವ ತೋಟಾದಲ್ಲಿ, ಪಿನ್ ಬಡಿಯುವುದು ಅಂಚಿಗೆ. ತೋಟಾ ಇಲ್ಲದಾಗ ಅದು ಚೇಂಬರ್‌ನ ಬಾಯಿಗೇ ಬಡಿದು ಕಚ್ಚು ಬೀಳಬಹುದು. ಡಮ್ಮಿ ತೋಟಾ ಹಾಕದೆ ಮಾಡಬೇಡಿ ಅಂದೆ.

ತಂದೆಯ .32-20 ಈಗ ಉಕ್ಕಿನ ಬೀರುವಿನಲ್ಲಿ ಇದೆ, ಹೊಡೆಯುವುದಿಲ್ಲ. .22ರ ತೋಟಾ ಬೇರೆ ಬೀಗದಲ್ಲಿ. ಚುನಾವಣೆ ಬಂದಾಗ ಠಾಣೆಯಿಂದ ಕರೆ ಬಂತು, ಎರಡನ್ನೂ ಠೇವಣಿ ಇಟ್ಟು ರಸೀದಿ ತಂದರು. ಹೊಡೆಯದ ರೈಫಲ್‌ಗೂ ಇಷ್ಟು ಓಡಾಟವಾ ಅಂತ ತಾಯಿ ಈಗಲೂ ಗೊಣಗುತ್ತಾರೆ. ಅವರ ಗೊಣಗಾಟದಲ್ಲಿ ಅರ್ಥವಿದೆ. ಹೊಡೆಯದ ಆಯುಧ ಇಟ್ಟುಕೊಳ್ಳುವುದಕ್ಕೂ ಐದು ವರ್ಷಕ್ಕೊಮ್ಮೆ ನವೀಕರಣ, ಠೇವಣಿ, ಓಡಾಟ ಎಲ್ಲ ಇದ್ದೇ ಇರುತ್ತದೆ, ಎರಡರಲ್ಲಿ ಒಂದು ಜಾಗವನ್ನೂ ಅದು ತಿನ್ನುತ್ತದೆ. ನೆನಪಿಗೆ ಅಂತ ಇಟ್ಟುಕೊಳ್ಳುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ವಾಸಿ.

ಈ ಪ್ರಕರಣದ ನಂತರ ಹಳೇ ಆಯುಧದ ವಿಷಯದಲ್ಲಿ ನಾನು ಕೇಳುವ ಪ್ರಶ್ನೆಗಳ ಕ್ರಮ ಬದಲಾಗಿದೆ. ಮೊದಲು ಲೈಸೆನ್ಸ್‌ನ ಸಾಲು, ನಳಿಗೆಯ ಬರಹ, ತೋಟಾದ ಬುಡದ ಮುದ್ರೆ, ಮೂರನ್ನೂ ಒಟ್ಟಿಗೆ ಮೇಜಿನ ಮೇಲೆ ತರಿಸುತ್ತೇನೆ. ಮೂರೂ ಒಂದೇ ಮಾತು ಹೇಳಬೇಕು. ಎಲ್ಲಿ ಹೊಡೆಯುತ್ತೀರಿ ಅನ್ನುವುದು ಎರಡನೆಯದು. ವೇಗ, ಶಕ್ತಿಯ ಪ್ರಶ್ನೆಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಒಂದೇ ಕ್ಯಾಲಿಬರ್ ಉಳಿದಿರುತ್ತದೆ. ಇದು ಬೆಂಗಳೂರಿನ ಕ್ರಮ. ಬೇರೆ ದೇಶದವರಿಗೆ ಇದು ತಲೆಕೆಳಗು ಕಾಣಬಹುದು, ಕಾಣಲಿ.

ಈಗ ಚಿಕ್ಕಪ್ಪನ ಸರದಿ. ಎಪ್ಪತ್ತು ದಾಟಿದೆ, ತಮ್ಮ ಜೋಡಿ ನಳಿಗೆಯನ್ನು ಬದುಕಿರುವಾಗಲೇ ಮನೆಯವರ ಹೆಸರಿಗೆ ಮಾಡಬೇಕು ಅಂತಿದ್ದಾರೆ. 2016ರ ನಿಯಮದಲ್ಲಿ ಎಪ್ಪತ್ತಾದವರಿಗೆ, ಇಲ್ಲವೇ ಆಯುಧ 25 ವರ್ಷ ಇಟ್ಟುಕೊಂಡವರಿಗೆ ಅದಕ್ಕೆ ಅವಕಾಶವಿದೆ. ಅಣ್ಣನ ಮಗನಿಗೇ ಕೊಡುವ ಆಸೆ ಇತ್ತು. ಆದರೆ ಅಣ್ಣನ ಮಗನ ಎರಡೂ ಜಾಗ ತುಂಬಿದೆ. ಹಾಗಾಗಿ ಚಿಕ್ಕಪ್ಪನ ಮಗಳು ಅರ್ಜಿ ಹಾಕುತ್ತಿದ್ದಾರೆ, ಮುಂದಿನ ಬ್ಯಾಚ್‌ನ ಸುರಕ್ಷತಾ ತರಬೇತಿಗೆ ಹೆಸರು ಕೊಟ್ಟಿದ್ದಾರೆ.